ಕೀನ್ಯಾ ಗಡಿಯ ಬುಸಿಯಾದಲ್ಲಿ ಕೆಲಸ ಸಿಕ್ಕಿದೆ, ಊರು ಹೇಗಿದೆ?

ಬುಸಿಯಾದ ಸಗಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ, ಫೋಟೋಗಳಲ್ಲಿ ಬರೀ ಲಾರಿಗಳ ಸಾಲು ಕಾಣಿಸುತ್ತದೆ, ಅಲ್ಲಿ ಬದುಕುವುದು ಹೇಗೆ ಅಂತ ಕೇಳಿದ್ದೀರಿ. ಅದೇ ಊರಲ್ಲಿ, ಅಂಥದ್ದೇ ಕೆಲಸದಲ್ಲಿ ನಾನು ಮೂರು ವರ್ಷ ಇದ್ದೆ. ಧೈರ್ಯವಾಗಿ ಹೋಗಿ. ಲಾರಿ ನೋಡಿ ಮಾತ್ರ ಊರನ್ನು ಅಳೆಯಬೇಡಿ. ಬುಸಿಯಾ ಬದುಕಿರುವುದು ಹೊರೆ ಹೊತ್ತು ನಡೆದೇ ಗಡಿ ದಾಟುವವರಿಂದ. ಅವರಲ್ಲಿ ಹೆಂಗಸರೇ ಜಾಸ್ತಿ.

ಒಂದೇ ಹೆಸರಿನ ಊರು, ಅರ್ಧ ಕೀನ್ಯಾದಲ್ಲಿ, ಅರ್ಧ ಉಗಾಂಡಾದಲ್ಲಿ. ಸಾಮಿಯಾ, ತೇಸೋ ಸಮುದಾಯದ ಜನ ಎರಡೂ ಕಡೆ ಇದ್ದಾರೆ. ಅಕ್ಕನ ಮನೆ ಇಲ್ಲಿ, ತಂಗಿಯನ್ನು ಕೊಟ್ಟಿದ್ದು ಅಲ್ಲಿ. ಬೆಳಕು ಹರಿಯುತ್ತಿದ್ದಂತೆ ಉಗಾಂಡಾ ಕಡೆಯಿಂದ ಮೊಟ್ಟೆ, ಟೊಮೆಟೊ, ಬಾಳೆಗೊನೆ, ಬೀನ್ಸ್ ಬರುತ್ತವೆ. ಇಲ್ಲಿಂದ ಸೋಪು, ಅಡುಗೆ ಎಣ್ಣೆ, ಉಪ್ಪು ಹೋಗುತ್ತವೆ. ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಗಾಡಿಗಳನ್ನು ನೀವು ಮೊದಲ ದಿನವೇ ನೋಡುತ್ತೀರಿ. ಕಾಲಿಲ್ಲದವರು, ಪೋಲಿಯೋ ಆದವರು ಅದರಲ್ಲಿ ಸರಕು ಸಾಗಿಸುತ್ತಾರೆ. ಅದೇ ಅವರ ಕಸುಬು. ಎಣ್ಣೆ ಡಬ್ಬಗಳ ನಡುವೆ ಕೂತ ಮನುಷ್ಯ ಬರೀ ತೋಳಿನ ಬಲದಲ್ಲಿ ಅಷ್ಟು ಭಾರ ಎಳೆಯುವುದನ್ನು ಕಂಡು ಮೊದಲ ದಿನ ನಾನು ಅಲ್ಲೇ ನಿಂತುಬಿಟ್ಟಿದ್ದೆ.

ಆಫ್ರಿಕಾದ ಪೂರ್ವದ ಹಲವು ದೇಶಗಳಲ್ಲಿ ಬಾಡಿಗೆ ಬೈಕಿಗೆ ‘ಬೋಡಾ ಬೋಡಾ’ ಅಂತಾರಲ್ಲ, ಆ ಹೆಸರು ಹುಟ್ಟಿದ್ದೂ ಈ ಗಡಿಯಲ್ಲೇ. ಹಿಂದೆ ಎರಡು ಚೆಕ್‌ಪೋಸ್ಟುಗಳ ನಡುವಿನ ದಾರಿಯಲ್ಲಿ ಸೈಕಲ್ಲಿನವರು ‘ಬಾರ್ಡರ್, ಬಾರ್ಡರ್’ ಅಂತ ಕೂಗಿ ಜನರನ್ನು ಹತ್ತಿಸಿಕೊಳ್ಳುತ್ತಿದ್ದರಂತೆ. ಈಗ ಸೈಕಲ್ ಜಾಗಕ್ಕೆ ನಮ್ಮ ಬಜಾಜ್, ಟಿವಿಎಸ್ ಬೈಕುಗಳು ಬಂದಿವೆ.

ನಮ್ಮ ಅಂಗಡಿ ಎದುರು ಒಬ್ಬ ಮಾಮಾ ಮೆಕ್ಕೆಜೋಳ ಮಾರುತ್ತಿದ್ದರು. (ಅಲ್ಲಿ ಮಾಮಾ ಅಂದರೆ ಅಮ್ಮ. ನಡುವಯಸ್ಸಿನ ಹೆಂಗಸರನ್ನೆಲ್ಲ ಹಾಗೇ ಕರೆಯಬೇಕು.) ಅಳೆಯುವುದು ‘ಗೊರೊಗೊರೊ’ದಲ್ಲಿ. ಸುಮಾರು ಎರಡು ಕೆಜಿ ಹಿಡಿಯುವ ತಗಡಿನ ಡಬ್ಬ, ನಮ್ಮ ಸೇರಿನ ಹಾಗೆ. ಡಬ್ಬ ತುಂಬಿದರೂ ಅವರು ನಿಲ್ಲಿಸುತ್ತಿರಲಿಲ್ಲ. ಒಂದು ಕೈ ಅಡ್ಡ ಹಿಡಿದು, ಇನ್ನೊಂದರಲ್ಲಿ ಕಾಳು ಉರುಳಿ ಬೀಳುವ ತನಕ ಸುರಿಯುತ್ತಿದ್ದರು. ಮೂಟೆಗೆ ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ‘ಗುನಿಯಾ’. ನಮ್ಮ ಗೋಣಿಯ ನೆಂಟ ಅದು! ಕೀನ್ಯಾದಲ್ಲಿ ಒಂದು ಗುನಿಯಾ ಮೆಕ್ಕೆಜೋಳ ಅಂದರೆ 90 ಕೆಜಿ ಲೆಕ್ಕ.

2018ರಲ್ಲಿ ಎರಡೂ ದೇಶದ ಅಧ್ಯಕ್ಷರು ಬಂದು ಹೊಸ ಗಡಿ ಕಚೇರಿ ಉದ್ಘಾಟಿಸಿದರು. ಈಗ ಒಂದೇ ಕಟ್ಟಡದಲ್ಲಿ ಎರಡೂ ದೇಶದ ಮುದ್ರೆ ಬೀಳುತ್ತದೆ. 2,000 ಡಾಲರ್ ಒಳಗಿನ, ಪಟ್ಟಿಯಲ್ಲಿರುವ ಸ್ಥಳೀಯ ಸರಕಿಗೆ ಸರಳವಾದ ಒಂದು ಫಾರಂ ಸಾಕು, ಆಮದು ಸುಂಕ ಇಲ್ಲ. ಆದರೂ ಕಾಗದಪತ್ರಕ್ಕೆ ಹೆದರಿ ಹೊಲದ ಮಧ್ಯದ ಕಾಲುದಾರಿ ಹಿಡಿಯುವವರು ಇದ್ದಾರೆ. ಅದಕ್ಕೆ ‘ಪಾನ್ಯಾ’ ದಾರಿ ಅಂತಾರೆ, ಅಂದರೆ ಇಲಿ ದಾರಿ. ಯಾರು ಕರೆದರೂ ನೀವು ಆ ಕಡೆ ಹೋಗಬೇಡಿ.

2020ರಲ್ಲಿ ಕೊರೋನಾ ಬಂದಾಗ ಲಾರಿಗಳನ್ನು ಬಿಟ್ಟರು, ಪರೀಕ್ಷೆಗೆ ಮೈಲುಗಟ್ಟಲೆ ಸಾಲು ನಿಂತಿತ್ತು. ನಡೆದು ದಾಟುವವರಿಗೆ ಗಡಿ ಬಂದ್. ರಸ್ತೆ ತುಂಬಾ ಲಾರಿ, ನಮ್ಮ ಕೌಂಟರಿನಲ್ಲಿ ಒಬ್ಬರೂ ಇಲ್ಲ. ಮಾಮಾ ಕೂರುತ್ತಿದ್ದ ಜಾಗವೂ ಎಷ್ಟೋ ದಿನ ಖಾಲಿ ಇತ್ತು. ಈ ಊರನ್ನು ಸಾಕುತ್ತಿದ್ದವರು ಯಾರು ಅಂತ ಆಗ ನನಗೆ ಸರಿಯಾಗಿ ಗೊತ್ತಾಯಿತು.

ಊಟದ ಚಿಂತೆ ಬೇಡ. ಚಪಾತಿಗೆ ಅಲ್ಲೂ ಚಪಾತಿ ಅಂತಲೇ ಹೆಸರು. ಕರಾವಳಿಯವರಾದರೆ ಸಂತೆಯಲ್ಲಿ ಒಣಗಿದ ಸಣ್ಣ ಮೀನಿನ ವಾಸನೆಗೇ ಮನೆ ನೆನಪಾಗುತ್ತದೆ. ಕೀನ್ಯಾ ಕಡೆ ಅದು ಒಮೆನಾ, ಉಗಾಂಡಾ ಕಡೆ ಮುಕೆನೆ.

ಎರಡೂ ದೇಶದ ದುಡ್ಡಿನ ಹೆಸರು ಶಿಲ್ಲಿಂಗ್, ಬೆಲೆ ಮಾತ್ರ ಬೇರೆ. ರಸ್ತೆ ಬದಿ ನೋಟು ಬದಲಿಸುವವನೊಬ್ಬ ಮೊದಲ ವಾರವೇ ನನಗೆ ಟೋಪಿ ಹಾಕಿದ್ದ. ನೀವೇ ಲೆಕ್ಕ ಹಾಕಿ, ಎಣಿಸಿಕೊಂಡ ಮೇಲೆ ನಿಮ್ಮ ನೋಟು ಕೊಡಿ. ಗಂಟೆಯೂ ಅಷ್ಟೇ. ಸ್ವಾಹಿಲಿಯಲ್ಲಿ ಬೆಳಿಗ್ಗೆ ಏಳು ಗಂಟೆ ಅಂದರೆ ಒಂದು. ಬೆಳಿಗ್ಗೆ ‘ಸಾ ಮ್ಬಿಲಿ’ಗೆ, ಅಂದರೆ ಎರಡು ಗಂಟೆಗೆ, ಬನ್ನಿ ಅಂದರೆ ಎಂಟಕ್ಕೆ ಹೋಗಬೇಕು.

ಮಲೇರಿಯಾ ಇದೆ, ಸೊಳ್ಳೆಪರದೆ ಬಿಡಬೇಡಿ. ಹಳದಿ ಜ್ವರದ ಲಸಿಕೆ ಹಾಕಿಸಿದ 10 ದಿನದ ಮೇಲಷ್ಟೇ ಅದರ ಕಾರ್ಡು ನಡೆಯುತ್ತದೆ, ಹಾಗಾಗಿ ಮೊದಲೇ ಹಾಕಿಸಿ. ಉಗಾಂಡಾ ಕಡೆ ಕೇಳುತ್ತಾರೆ, ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಕೇಳುತ್ತಾರೆ. ಕಾರ್ಡನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ.