ವೇದದ ಸ್ವರ ಬಿಡಿಸಿದ ಒಗಟು

ಪತ್ರ: ‘ಜರ್ಮನ್, ಇಂಗ್ಲಿಷ್, ಡ್ಯಾನಿಶ್‌ಗಳಿಗೆಲ್ಲ ಮೂಲ ಜರ್ಮ್ಯಾನಿಕ್ ಎಂಬ ಒಂದು ಭಾಷೆ ಇತ್ತೆಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಯಾರೂ ಬರೆದಿಡದ ಭಾಷೆಯನ್ನು ಪಂಡಿತರು ಊಹಿಸಿ ಕಟ್ಟುವುದೇಕೆ? ಸಂಸ್ಕೃತವೇ ತಾಯಿ ಎಂದು ಒಪ್ಪಲು ಮನಸ್ಸಿಲ್ಲದ್ದಕ್ಕೆ ಹೆಣೆದ ಕಟ್ಟುಕಥೆಯಲ್ಲವೇ ಇದು? ನಾನೀಗ ಜರ್ಮನ್ ಕಲಿಯುತ್ತಿದ್ದೇನೆ. ಹೆಜ್ಜೆಹೆಜ್ಜೆಗೂ ಸಂಸ್ಕೃತ ಕಾಣುತ್ತದೆ.’
– ಓದುಗರೊಬ್ಬರು, ಮೈಸೂರು

ಸಂಪಾದಕರ ಉತ್ತರ: ಜರ್ಮನ್ ಕಲಿಯುವಾಗ ಸಂಸ್ಕೃತವನ್ನು ಗುರುತಿಸುವ ಕಿವಿ ನಿಮ್ಮದು. ಅದಕ್ಕೆ ಮೊದಲು ಅಭಿನಂದನೆ. ಊಹೆ ಎಂದದ್ದನ್ನೂ ಒಪ್ಪುತ್ತೇನೆ. ಬರಹದಲ್ಲಿ ಎಲ್ಲೂ ಸಿಗದ ಪದಕ್ಕೆ ಪಂಡಿತರೇ ನಕ್ಷತ್ರದ ಗುರುತು ಹಾಕಿ ಎಚ್ಚರಿಸುತ್ತಾರೆ. ಆದರೆ ಕಟ್ಟುಕಥೆ ಎಂದಿರಲ್ಲ, ಆ ಮಾತಿಗೆ ಸುಮ್ಮನಿರಲಾರೆ.

ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ದಕ್ಷಿಣ ಸ್ಕ್ಯಾಂಡಿನೇವಿಯಾ ಮತ್ತು ಉತ್ತರ ಜರ್ಮನಿಯ ಜನ ಆಡುತ್ತಿದ್ದ ಮಾತು ಈ ಮೂಲ ಜರ್ಮ್ಯಾನಿಕ್. ಅಲ್ಲಿ ವ್ಯಂಜನಗಳು ಒಂದು ಕ್ರಮದಲ್ಲಿ ಪಲ್ಲಟಗೊಂಡವು. ಹಳೆಯ ‘ಪ’ ಹೋಗಿ ‘ಫ’ ಬಂತು, ‘ದ’ ಹೋಗಿ ‘ತ’ ಬಂತು. ನಮ್ಮ ‘ಪಾದ’ವನ್ನೂ ಇಂಗ್ಲಿಷಿನ ‘ಫುಟ್’ ಅನ್ನೂ ಪಕ್ಕದಲ್ಲಿಟ್ಟರೆ ಈ ಎರಡೂ ಬದಲಾವಣೆಗಳು ಒಟ್ಟಿಗೆ ಕಾಣುತ್ತವೆ. 1818ರಲ್ಲಿ ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್, 1822ರಲ್ಲಿ ಜರ್ಮನಿಯ ಯಾಕೊಬ್ ಗ್ರಿಮ್ ಇದನ್ನು ತೋರಿಸಿಕೊಟ್ಟರು. ಪಾಲು ಹಾಲಾದ, ಪುಲಿ ಹುಲಿಯಾದ ಭಾಷೆಯನ್ನಾಡುವ ನಮಗೆ ಇದರಲ್ಲಿ ನಂಬಲಾಗದ್ದೇನಿದೆ?

ಆದರೂ ಒಂದು ತೊಡಕು ಉಳಿಯಿತು. ಗ್ರಿಮ್ ನಿಯಮವೆಂದು ಹೆಸರಾದ ಈ ಪಲ್ಲಟದ ಪ್ರಕಾರ ‘ಪಿತೃ’, ‘ಭ್ರಾತೃ’ಗಳಲ್ಲಿರುವ ತಕಾರ ಎರಡೂ ಕಡೆ ಒಂದೇ ರೀತಿ ಬದಲಾಗಬೇಕಿತ್ತು. ಗಾಥಿಕ್ ಎಂಬ ಹಳೆಯ ಜರ್ಮ್ಯಾನಿಕ್ ಭಾಷೆಯಲ್ಲಿ ಸಿಗುವುದು ‘ಬ್ರೋಥರ್’, ಆದರೆ ‘ಫದರ್’. ನಿಮ್ಮ ಜರ್ಮನ್ ಪುಸ್ತಕದಲ್ಲೂ ‘ಬ್ರೂಡರ್’, ‘ಫಾಟರ್’ ಎಂದು ಬೇರೆ ಬೇರೆಯೇ ಇವೆ. ಗ್ರಿಮ್ ಇದನ್ನು ಅಪವಾದವೆಂದು ಬಿಟ್ಟರು. 1870ರ ದಶಕದಲ್ಲಿ ಕಾರ್ಲ್ ವರ್ನರ್ ಎಂಬ ಡೆನ್ಮಾರ್ಕಿನ ತರುಣ ಉತ್ತರ ಕಂಡುಕೊಂಡ. ಆ ಉತ್ತರ ಇದ್ದದ್ದು ವೇದದ ಸ್ವರದಲ್ಲಿ! ವೇದದಲ್ಲಿ ‘ಭ್ರಾತೃ’ವಿನ ಉದಾತ್ತ, ಅಂದರೆ ಏರುದನಿ, ಮೊದಲ ಅಕ್ಷರದ ಮೇಲೆ, ‘ಪಿತೃ’ವಿನದು ಎರಡನೆಯದರ ಮೇಲೆ. ಹಿಂದಿನ ಅಕ್ಷರದ ಮೇಲೆ ಉದಾತ್ತವಿಲ್ಲದ ಕಡೆ ವ್ಯಂಜನ ಘೋಷವಾಗಿ, ಅಂದರೆ ಗಂಟಲು ಕಂಪಿಸುವ ಧ್ವನಿಯಾಗಿ, ‘ದ’ ಆಯಿತು. ಜರ್ಮ್ಯಾನಿಕ್ ಭಾಷೆಗಳು ಆ ಸ್ವರವನ್ನು ಎಂದೋ ಕಳೆದುಕೊಂಡಿದ್ದವು, ವೇದವನ್ನು ಬಾಯಿಪಾಠ ಮಾಡುವ ನಮ್ಮ ಘನಪಾಠಿಗಳ ಬಾಯಲ್ಲಿ ಅದು ಉಳಿದಿತ್ತು. ಇದನ್ನು ಓದಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಬರಹದ ಸಾಕ್ಷಿಯೂ ಇದೆ. 1734ರಲ್ಲಿ ಡೆನ್ಮಾರ್ಕಿನ ಗಾಲೆಹುಸ್‌ನಲ್ಲಿ ಚಿನ್ನದ ಕೊಂಬೊಂದು ಸಿಕ್ಕಿತು. ಕ್ರಿ.ಶ. 400ರ ಸುಮಾರಿನದು. 1802ರಲ್ಲಿ ಕಳ್ಳನೊಬ್ಬ ಕದ್ದು ಕರಗಿಸಿಬಿಟ್ಟ. ಪುಣ್ಯಕ್ಕೆ ಅದರ ಮೇಲಿನ ರೂನ್ ಎಂಬ ಹಳೆಯ ಜರ್ಮ್ಯಾನಿಕ್ ಲಿಪಿಯ ಸಾಲನ್ನು ಯಾರೋ ಮೊದಲೇ ಬರೆದುಕೊಂಡಿದ್ದರು. ಪಂಡಿತರು ಹೇಳುವ ಪದಾಂತ್ಯಗಳು ಅಲ್ಲಿ ಹೆಚ್ಚುಕಡಿಮೆ ಹಾಗೆಯೇ ಇವೆ. ನೆರೆಯ ಫಿನ್ನಿಶ್ ಭಾಷೆಯವರು ಸಾಲ ಪಡೆದ ‘ಕುನಿಂಗಸ್’ ಎಂಬ ಪದದಲ್ಲೂ, ಇಂದಿನ ಇಂಗ್ಲಿಷಿನ ‘ಕಿಂಗ್’ ಕಳೆದುಕೊಂಡ ಬಾಲ ಇನ್ನೂ ಉಳಿದಿದೆ.

ಸಂಸ್ಕೃತ ತಾಯಿಯೇಕಲ್ಲ ಎಂದರೆ, ಸಂಸ್ಕೃತ, ಗ್ರೀಕ್, ಲ್ಯಾಟಿನ್, ಜರ್ಮ್ಯಾನಿಕ್ ಎಲ್ಲಕ್ಕೂ ಹಿಂದಿನ ಮೂಲ ಭಾಷೆಯಲ್ಲಿ ಬೇರೆ ಬೇರೆಯಿದ್ದ ಹ್ರಸ್ವ ಎ, ಒ, ಅ ಸಂಸ್ಕೃತದಲ್ಲಿ ಬಹುಮಟ್ಟಿಗೆ ಒಂದೇ ‘ಅ’ ಆಗಿ ಬೆರೆತುಹೋದವು. ಗ್ರೀಕ್, ಲ್ಯಾಟಿನ್‌ಗಳಲ್ಲಿ ಅವು ಇನ್ನೂ ಬೇರೆಯಾಗಿವೆ. ತಾಯಿಯಲ್ಲಿ ಅಳಿದ ಭೇದ ಮಕ್ಕಳಲ್ಲಿ ಅದೇ ಅದೇ ಪದಗಳಲ್ಲಿ ಮರಳಿ ಹುಟ್ಟುವುದು ಹೇಗೆ? ಸಂಸ್ಕೃತ ಅವಕ್ಕೆ ಅಕ್ಕ. ಆ ಮನೆಯ ಹಳೆಯ ಸಂಗತಿಗಳನ್ನು ಅವಳಷ್ಟು ನೆನಪಿಟ್ಟವರು ಕಡಿಮೆ.

ಆದರೆ ನಮ್ಮವರಿಗೆ ಅಕ್ಕನ ಪಟ್ಟ ಸಾಲದು. ಯಾವ ಭಾಷೆ ಯಾವುದರ ತಾಯಿ ಎಂದು ಟೀವಿಯಲ್ಲಿ ಗಂಟೆಗಟ್ಟಲೆ ಕೂಗಾಡುತ್ತೇವೆ, ಕನ್ನಡ-ತಮಿಳಿನ ವಿಷಯದಲ್ಲೂ ಅದೇ ಕೂಗು. ‘ಪಿತೃ’ವಿನ ಉದಾತ್ತ ಎಲ್ಲಿದೆ ಎಂದು ಕೇಳಿದರೆ ಆ ವೇದಿಕೆಯಲ್ಲಿ ಎಷ್ಟು ಮಂದಿ ಉತ್ತರಿಸಿಯಾರು? ಭಾಷಾವಿಜ್ಞಾನ ಓದುತ್ತೇನೆಂದು ಮಗ ಹೇಳಿದರೆ ಅಪ್ಪನೇ ಅಡ್ಡ ನಿಲ್ಲುತ್ತಾನೆ. ಸಂಸ್ಕೃತದ ತರಗತಿಯಲ್ಲಿ ವರ್ನರನ ಹೆಸರಿಲ್ಲ, ಜರ್ಮನ್ ತರಗತಿಯಲ್ಲಿ ಉದಾತ್ತದ ಹೆಸರಿಲ್ಲ. ನೀವು ಎರಡೂ ದಡ ಬಲ್ಲವರು. ಮುಂದಿನ ತರಗತಿಯಲ್ಲಿ ‘ಫಾಟರ್’, ‘ಬ್ರೂಡರ್’ಗಳ ಈ ವ್ಯತ್ಯಾಸವನ್ನು ನಿಮ್ಮ ಮೇಷ್ಟ್ರಿಗೆ ಕೇಳಿ, ಅವರು ಹೇಳಿದ್ದನ್ನು ನಮಗೆ ಬರೆಯಿರಿ. ಪ್ರಕಟಿಸುತ್ತೇವೆ.