ಖಾಲಿ ಕ್ಯಾನ್ವಾಸಿನ ಮುಂದೆ ಮೊದಲು ಬರುವುದು ತೊಡಕು

ಹುಬ್ಬಳ್ಳಿಯಲ್ಲಿ ಬಿ.ಕಾಂ. ಓದುತ್ತ ರಾತ್ರಿ ಹೊತ್ತು ಚಿತ್ರ ಬರೆಯುತ್ತಿರುವುದಾಗಿ ತಿಳಿಸಿ ನೀವು ಮೂರು ಸಂಗತಿಗಳನ್ನು ಕೇಳಿದ್ದೀರಿ: ಚಿತ್ರಕಾರರಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ, ಖಾಲಿ ಕ್ಯಾನ್ವಾಸಿನಿಂದ ಮುಗಿದ ಚಿತ್ರದವರೆಗಿನ ದಾರಿ ಹೇಗಿರುತ್ತದೆ, ಬೆಂಗಳೂರಿಗೋ ಮುಂಬಯಿಗೋ ಹೋಗದೆ ಇಲ್ಲಿಯೇ ಇದ್ದುಕೊಂಡು ಇಂದಿನ ಕಾಲದ ಕಲೆಯನ್ನು ಮಾಡಲು ಸಾಧ್ಯವೇ. ಧಾರವಾಡದಲ್ಲಿ ಚಿತ್ರ ಬರೆಯುವುದನ್ನೇ ಕಸುಬಾಗಿ ಮಾಡಿಕೊಂಡಿರುವ ನಾನು ನನ್ನ ಅನುಭವಕ್ಕೆ ಬಂದಷ್ಟನ್ನು ಹೇಳುತ್ತೇನೆ.

ಮೊದಲ ಪ್ರಶ್ನೆಗೆ ನನ್ನ ಉತ್ತರ ನಿಮಗೆ ನೀರಸವೆನಿಸಬಹುದು. ಸ್ಫೂರ್ತಿಯ ಬಗ್ಗೆ ಚಿತ್ರಕಾರರು ಹೇಳುವ ಮಾತುಗಳಲ್ಲಿ ಹೆಚ್ಚಿನವು ಚಿತ್ರ ಮುಗಿದ ಮೇಲೆ, ಪ್ರದರ್ಶನದ ಉದ್ಘಾಟನೆಯ ದಿನ ಯಾರಾದರೂ ಕೇಳಿದಾಗ ಜೋಡಿಸಿಕೊಂಡವು ಎಂಬ ಗುಮಾನಿ ನನಗಿದೆ. ನನ್ನ ಮಟ್ಟಿಗೆ ಚಿತ್ರ ಶುರುವಾಗುವುದು ತೊಡಕಿನಿಂದ. ಕಣ್ಣಿಗೆ ಬಿದ್ದ ಯಾವುದೋ ಒಂದನ್ನು ನನಗೆ ಈಗಾಗಲೇ ಕೈವಶವಾಗಿರುವ ರೀತಿಯಲ್ಲಿ ಬರೆದರೆ ಅದು ಸುಳ್ಳಾಗುತ್ತದೆ ಎಂದು ತಿಳಿದಾಗ, ಹಾಗಾದರೆ ಅದನ್ನು ಹೇಗೆ ಬರೆಯಬೇಕು ಎಂಬ ಪ್ರಶ್ನೆ ತಲೆಯಲ್ಲಿ ಕೂತುಬಿಡುತ್ತದೆ; ಆ ಪ್ರಶ್ನೆ ಬಹಳ ದಿನ ಬಿಡದೆ ಕಾಡಿದರೆ ಮಾತ್ರ ನಾನು ಕ್ಯಾನ್ವಾಸನ್ನು ಚೌಕಟ್ಟಿಗೆ ಬಿಗಿಯುತ್ತೇನೆ. ಸುಲಭವಾಗಿ ಬರೆಯಬಲ್ಲದ್ದನ್ನು, ಅದು ಎಷ್ಟೇ ಚೆಂದವಿರಲಿ, ಬಿಟ್ಟುಬಿಡುತ್ತೇನೆ. ಮುಳುಗುವ ಸೂರ್ಯ, ಎತ್ತಿನ ಬಂಡಿ, ಕೊಡ ಹೊತ್ತ ಹೆಣ್ಣುಮಗಳು ನಮ್ಮ ಭಾಗದ ಪ್ರದರ್ಶನಗಳಲ್ಲಿ ವರ್ಷವೂ ತಪ್ಪದೆ ಹಾಜರಿರುತ್ತಾರೆ. ಆ ಚಿತ್ರಗಳಲ್ಲಿ ಕೈಚಳಕಕ್ಕೆ ಕೊರತೆಯಿರುವುದಿಲ್ಲ. ಬರೆದವರು ಬರೆಯುವಾಗ ಒಂದು ಗಳಿಗೆಯಾದರೂ ತಡವರಿಸಿದ್ದರೆಂಬ ಗುರುತು ಮಾತ್ರ ಎಲ್ಲಿಯೂ ಸಿಗುವುದಿಲ್ಲ.

ತೊಡಕು ಎಂದರೆ ಏನೆಂಬುದನ್ನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಉದಾಹರಣೆಯಿಂದ ವಿವರಿಸುತ್ತೇನೆ, ಏಕೆಂದರೆ ನನ್ನ ಚಿತ್ರಗಳಲ್ಲಿ ಒಂದು ದೊಡ್ಡ ಸರಣಿ ಅಲ್ಲಿಂದಲೇ ಬಂದಿದೆ. ಸುಗ್ಗಿಯ ಕಾಲದಲ್ಲಿ ಆ ಪ್ರಾಂಗಣದಲ್ಲಿ ಕಣ್ಣು ಹಾಯಿಸಿದಷ್ಟೂ ಕೆಂಪು. ಬ್ಯಾಡಗಿಯ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಅದರಿಂದ ತೆಗೆದ ಬಣ್ಣದ ಸಾರ ಅಡುಗೆಮನೆಯನ್ನು ದಾಟಿ ತುಟಿಬಣ್ಣದವರೆಗೂ ಹೋಗುತ್ತದೆ. ಮೊದಲ ನೋಟಕ್ಕೆ ಚಿತ್ರಕಾರರಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇರೆಯಿಲ್ಲ ಎನಿಸುತ್ತದೆ, ಆದರೆ ಕಾಗದ ತೆಗೆದು ಕೂತರೆ ಕಷ್ಟ ಗೊತ್ತಾಗುತ್ತದೆ. ಕ್ಯಾನ್ವಾಸಿನ ತುಂಬ ಕೆಂಪು ಬಳಿದರೆ ಅದು ಸತ್ತ ಕೆಂಪಾಗುತ್ತದೆ, ಏಕೆಂದರೆ ಒಂದು ಬಣ್ಣ ಬೆಳಗುವುದಕ್ಕೆ ಅದರ ಪಕ್ಕದಲ್ಲಿ ಅದಲ್ಲದ ಇನ್ನೊಂದು ಇರಬೇಕು. ಹಾಗೆಂದು ಅಲ್ಲಿ ಇಲ್ಲದ ಹಸಿರನ್ನೋ ನೀಲಿಯನ್ನೋ ತಂದು ಪಕ್ಕಕ್ಕಿಟ್ಟರೆ ಆ ಜಾಗದ ಉಸಿರುಕಟ್ಟಿಸುವ ಗುಣವೇ ಹೋಗಿಬಿಡುತ್ತದೆ.

ಈ ತೊಡಕಿಗೆ ದಾರಿ ಸಿಕ್ಕಿದ್ದು ಪ್ರಾಂಗಣದಲ್ಲಿಯೇ. ಕೆಂಪನ್ನು ಬಹಳ ಹೊತ್ತು ನೋಡಿದ ಕಣ್ಣು ಥಟ್ಟನೆ ಸುಣ್ಣ ಬಳಿದ ಗೋಡೆಯ ಕಡೆಗೆ ಹೊರಳಿದರೆ ಗೋಡೆಯ ಮೇಲೆ ತೆಳುವಾದ ಹಸಿರು ತೇಲುತ್ತದೆ. ಕೆಂಪನ್ನು ಗ್ರಹಿಸುವ ನರಗಳು ದಣಿದಿರುವುದರಿಂದ ಕಣ್ಣು ಉಳಿದ ಬಣ್ಣಗಳನ್ನೇ ಹೆಚ್ಚಾಗಿ ಕಾಣುವುದು ಇದಕ್ಕೆ ಕಾರಣ. ಆ ಹಸಿರು ವಸ್ತುವಿನಲ್ಲಿಲ್ಲ, ಆದರೆ ನೋಡುವವರ ಅನುಭವದಲ್ಲಿದೆ, ಆದ್ದರಿಂದ ಅದನ್ನು ಬರೆಯುವುದು ಸುಳ್ಳಾಗುವುದಿಲ್ಲ. ಅಂದಿನಿಂದ ಈ ಸರಣಿಯ ಕ್ಯಾನ್ವಾಸುಗಳಿಗೆ ನಾನು ಮೊದಲು ಬೂದಿ ಬೆರೆತ ಹಸಿರನ್ನು ಬಳಿಯುತ್ತೇನೆ. ಅದು ಪೂರ್ತಿ ಒಣಗಿದ ಮೇಲೆ ಮಣ್ಣುಗೆಂಪನ್ನೂ ಅದರ ಮೇಲೆ ಉಜ್ವಲವಾದ ಕೆಂಪನ್ನೂ ತೆಳು ಪದರಗಳಲ್ಲಿ ಹಾಕುತ್ತ ಹೋಗುತ್ತೇನೆ. ಅಲ್ಲಲ್ಲಿ ಕೂದಲೆಳೆಯಷ್ಟು ಜಾಗವನ್ನು ಮುಚ್ಚದೆ ಬಿಡುತ್ತೇನೆ. ನೋಡುವವರಿಗೆ ಹಸಿರು ಕಾಣಿಸುವುದಿಲ್ಲ, ಕೆಂಪು ಮಾತ್ರ ಅಲುಗಾಡಿದಂತೆ ಕಾಣುತ್ತದೆ. ಸ್ಫೂರ್ತಿ ಎಂಬುದು ಇದ್ದರೆ ಅದು ಹೀಗೆ ಕೆಲಸದ ನಡುವೆ ಬರುತ್ತದೆ, ಕೆಲಸಕ್ಕೆ ಮೊದಲು ಬಾಗಿಲು ತಟ್ಟುವುದನ್ನು ನಾನಂತೂ ಕಂಡಿಲ್ಲ.

ಮೆಣಸಿನಕಾಯಿಯ ಬಣ್ಣವನ್ನೇ ಕ್ಯಾನ್ವಾಸಿಗೆ ಹಚ್ಚಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಗಜ್ಜರಿಯ (ಕ್ಯಾರೆಟ್ಟಿನ) ಬಣ್ಣದ ಕುಲಕ್ಕೇ ಸೇರಿದ ಆ ಕೆಂಪು ಬೆಳಕಿಗೆ ಮತ್ತು ಗಾಳಿಗೆ ನಿಲ್ಲುವುದಿಲ್ಲ, ಬರಬರುತ್ತ ಮಾಸಿ ಮಂಕಾಗುತ್ತದೆ. ಕಬ್ಬಿಣದ ಅಂಶದಿಂದ ಕೆಂಪಾದ ಮಣ್ಣಾದರೋ ಶತಮಾನಗಳವರೆಗೆ ಮಾಸುವುದಿಲ್ಲ. ಗದಗ ಜಿಲ್ಲೆಯ ಕಪ್ಪತಗುಡ್ಡದ ಕೆಂಪೂ ಇದೇ ಜಾತಿಯದು, ಆದರೆ ಗುಡ್ಡ ಈಗ ವನ್ಯಜೀವಿಧಾಮವಾಗಿರುವುದರಿಂದ ಅಲ್ಲಿಂದ ಮಣ್ಣು ತರುವ ವಿಚಾರ ಮಾಡಬೇಡಿ. ಮಸಾರಿ, ಅಂದರೆ ಕೆಂಪು ಮಣ್ಣಿನ, ಹೊಲವಿರುವ ಯಾರನ್ನಾದರೂ ಕೇಳಿದರೆ ಒಂದು ಬೊಗಸೆ ಕೊಡುತ್ತಾರೆ. ಅದನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕೆ ಕೂತ ಕೂಡಲೇ ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಸಿದು, ಅದು ತಿಳಿಯಾಗುವವರೆಗೆ ಕಾಯ್ದು, ತಳದಲ್ಲಿ ಉಳಿದ ನುಣುಪಾದ ಕೆಸರನ್ನು ಒಣಗಿಸಿ ಅಗಸಿ ಎಣ್ಣೆಯಲ್ಲಿ ಅರೆದರೆ ತೈಲವರ್ಣ ಸಿದ್ಧವಾಗುತ್ತದೆ. ನಾವು ಚಟ್ನಿಪುಡಿ ಮಾಡುವ ಅಗಸಿಯ ಎಣ್ಣೆಯೇ ಯುರೋಪಿನ ತೈಲಚಿತ್ರಗಳಿಗೂ ಮುಖ್ಯ ಆಧಾರ ಎಂಬುದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ. ಹಳದಿ ಮಣ್ಣನ್ನು ಹಂಚಿನ ಮೇಲೆ ಹುರಿದರೆ ಅದರೊಳಗಿನ ನೀರಿನ ಅಂಶ ಹೋಗಿ ಕಣ್ಣೆದುರೇ ಕೆಂಪಾಗುವುದನ್ನೂ ಒಮ್ಮೆ ಮಾಡಿ ನೋಡಿ.

ಇಷ್ಟು ಹೇಳಿದ ಮೇಲೆ ನಿಮ್ಮ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತಾಯಿತು. ಉಳಿದದ್ದು ಬಹುಮಟ್ಟಿಗೆ ಶಿಸ್ತಿನ ವಿಷಯ. ಸ್ಥಳಕ್ಕೆ ಹೋದಾಗ ನಾನು ಫೋಟೊ ತೆಗೆಯುವುದು ಕಡಿಮೆ, ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು ಹೆಚ್ಚು. ಫೋಟೊ ಎಲ್ಲವನ್ನೂ ಸಮನಾಗಿ ಹಿಡಿದುಬಿಡುತ್ತದೆ, ಕೈ ತನಗೆ ಬೇಕಾದದ್ದನ್ನು ಮಾತ್ರ ಹಿಡಿಯುತ್ತದೆ. ತೈಲವರ್ಣದ ಕೆಳಗಿನ ಪದರಗಳಲ್ಲಿ ಎಣ್ಣೆ ಕಡಿಮೆಯಿದ್ದು ಮೇಲೆ ಹೋದಂತೆ ಹೆಚ್ಚಾಗಬೇಕು, ಇಲ್ಲವಾದರೆ ಮುಂದೆ ಬಿರುಕು ಬಿಡುತ್ತದೆ. ಎಣ್ಣೆ ಒಣಗುವುದು ನೀರಿನಂತೆ ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗಿ. ಥಂಡಿಯಲ್ಲಿ ಈ ಕೆಲಸ ನಿಧಾನವಾಗುವುದರಿಂದ ಧಾರವಾಡದ ಜಿಟಿಜಿಟಿ ಮಳೆಯ ತಿಂಗಳುಗಳಲ್ಲಿ ನಾನು ತೈಲವರ್ಣವನ್ನು ಮುಟ್ಟದೆ ಇದ್ದಿಲಿನಲ್ಲಿ ಕಾಗದದ ಮೇಲೆ ಕೆಲಸ ಮಾಡುತ್ತೇನೆ. ಎರಿ ಭೂಮಿಯ ಚಿತ್ರಗಳೆಲ್ಲ ಹಾಗೆ ಇದ್ದಿಲಿನಲ್ಲಿ ಮೊದಲಾದವು. ನವಲಗುಂದದ ಕಡೆಯ ಆ ನೆಲವನ್ನು ಕಪ್ಪು ಎನ್ನುತ್ತೇವಾದರೂ ಟ್ಯೂಬಿನ ಕಪ್ಪು ಅದಕ್ಕೆ ಹೊಂದುವುದಿಲ್ಲ. ನೀಲಿ ಅಲ್ಟ್ರಾಮರೀನ್ ಮತ್ತು ಸುಟ್ಟ ಮಣ್ಣಿನ ಕಂದು ಬೆರೆಸಿದರೆ ಮಳೆ ಬಿದ್ದ ಎರಿ ಸಿಗುತ್ತದೆ, ಅದಕ್ಕೇ ಬಿಳಿ ಸೇರಿಸಿದರೆ ಬೇಸಗೆಯಲ್ಲಿ ಬಿರುಕು ಬಿಟ್ಟ ಎರಿ.

ಸಾಮಗ್ರಿ ಕಲ್ಪನೆಯನ್ನು ಹೇಗೆ ನಡೆಸುತ್ತದೆ ಎಂಬುದನ್ನು ಅರಿಯಲು ನಾನು ಮತ್ತೆ ಮತ್ತೆ ಹೋಗುವ ಜಾಗ ಗದಗಿನ ಹತ್ತಿರದ ಹಳೆಯ ಗುಡಿಗಳ ಊರು ಲಕ್ಕುಂಡಿ. ಬಾದಾಮಿಯ ಶಿಲ್ಪಿಗಳಿಗೆ ಸಿಕ್ಕಿದ್ದು ಮರಳುಗಲ್ಲು. ಲಕ್ಕುಂಡಿಯ ಕಾಲಕ್ಕೆ ಕಲ್ಯಾಣದ ಚಾಲುಕ್ಯರ ಶಿಲ್ಪಿಗಳು ಬಳಪದ ಕಲ್ಲಿಗೆ ಒಲಿದಿದ್ದರು. ಉಳಿಗೆ ಸುಲಭವಾಗಿ ಬಗ್ಗುವ ಆ ಕಲ್ಲು ಕೈಗೆ ಬಂದ ಮೇಲೆ ಕೆತ್ತನೆ ಕಿರಿದಾಯಿತು, ಆಳವಾಯಿತು, ಬೆರಳಿನ ಉಗುರಿನಷ್ಟು ಜಾಗದಲ್ಲಿಯೂ ಎಲೆ ಬಳ್ಳಿಗಳು ಮೂಡಿದವು. ಕಂಬಗಳನ್ನು ತಿರುಗಿಸಿ ಕಡೆದು ನುಣುಪು ಮಾಡಿದ್ದರಿಂದ ಅವುಗಳ ಮೈಮೇಲೆ ಬೆಳಕು ಪಟ್ಟಿಪಟ್ಟಿಯಾಗಿ ಬೀಳುತ್ತದೆ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಮುಂದೆ ಪೆನ್ಸಿಲ್ ಹಿಡಿದು ಕೂತವರಿಗೆ ಗೆರೆ ಎಂಬುದು ಕಲ್ಲಿನಲ್ಲಿ ಇಲ್ಲವೇ ಇಲ್ಲ, ಬೆಳಕು ನೆರಳಿಗೆ ತಾಗುವ ಅಂಚನ್ನೇ ನಾವು ಗೆರೆ ಎನ್ನುತ್ತೇವೆ ಎಂಬುದು ತಾನಾಗಿ ತಿಳಿಯುತ್ತದೆ. ಡಂಬಳದ ದೊಡ್ಡಬಸಪ್ಪ ಗುಡಿಯಲ್ಲಿ ಇದೇ ಮಾತು ಗೋಡೆಯ ಪ್ರಮಾಣಕ್ಕೆ ಬೆಳೆದಿದೆ: 24 ಮೂಲೆಗಳ ನಕ್ಷತ್ರಾಕಾರದ ತಳವಿನ್ಯಾಸದಿಂದಾಗಿ ಹೊರಗೋಡೆ ಎಲ್ಲಿಯೂ ಚಪ್ಪಟೆಯಾಗಿ ಎದುರು ನಿಲ್ಲುವುದಿಲ್ಲ, ಸೂರ್ಯ ಸರಿದಂತೆ ಒಂದು ಮಡಿಕೆ ಬೆಳಗಿ ಪಕ್ಕದ್ದು ಕತ್ತಲಾಗುತ್ತದೆ. ನನ್ನ ಇದ್ದಿಲಿನ ಚಿತ್ರಗಳಲ್ಲಿ ಗುಡಿ ಕಾಣಿಸುವುದಿಲ್ಲ, ಆದರೆ ಉತ್ತ ಹೊಲದ ಸಾಲುಗಳನ್ನು ಮಡಿಕೆಗಳಾಗಿ ನೋಡುವುದನ್ನು ನಾನು ಕಲಿತದ್ದು ಆ ಗೋಡೆಯಿಂದ.

ಚಿತ್ರ ಮುಗಿಯಿತೆಂದು ಹೇಗೆ ತಿಳಿಯುತ್ತದೆ ಎಂಬುದಕ್ಕೆ ಖಚಿತವಾದ ಸೂತ್ರವಿಲ್ಲ. ಕನ್ನಡಿಯಲ್ಲಿ ತಿರುವುಮುರುವಾಗಿ ನೋಡುತ್ತೇನೆ, ತಲೆಕೆಳಗು ಮಾಡಿ ನಿಲ್ಲಿಸುತ್ತೇನೆ, ಮೊಬೈಲಿನಲ್ಲಿ ಕಪ್ಪುಬಿಳುಪಿನ ಫೋಟೊ ತೆಗೆದು ನೆರಳು ಬೆಳಕಿನ ತೂಕ ಸರಿಯಿದೆಯೇ ಎಂದು ಪರೀಕ್ಷಿಸುತ್ತೇನೆ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಕೆಡುತ್ತದೆ ಎಂಬ ಹಂತ ಬಂದಾಗ ಕುಂಚ ತೊಳೆದಿಡುತ್ತೇನೆ.

ಇನ್ನು ಇಲ್ಲಿದ್ದುಕೊಂಡು ಸಾಧ್ಯವೇ ಎಂಬ ಮಾತು. 1956ರವರೆಗೆ ನಮ್ಮ ಭಾಗ ಮುಂಬಯಿ ಆಡಳಿತಕ್ಕೆ ಸೇರಿದ್ದರಿಂದ ಚಿತ್ರ ಕಲಿಯಬೇಕೆಂದವರ ಕಣ್ಣು 1857ರಲ್ಲಿ ಶುರುವಾದ ಅಲ್ಲಿನ ಜೆ.ಜೆ. ಕಲಾಶಾಲೆಯ ಕಡೆಗಿರುತ್ತಿತ್ತು. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಕಲಾಶಾಲೆಗಳನ್ನು ಕಟ್ಟಿದ್ದರಿಂದ ಊರು ಬಿಡಲಾಗದವರಿಗೂ ಚಿತ್ರ ಕಲಿಯುವ ದಾರಿ ತೆರೆಯಿತು. ಟಿ.ಬಿ. ಸೊಲಬಕ್ಕನವರ ಅವರು ಶಿಗ್ಗಾಂವಿ ಹತ್ತಿರದ ಗೊಟಗೋಡಿಯಲ್ಲಿ, ಹೆದ್ದಾರಿಯ ಮಗ್ಗುಲಲ್ಲಿ, ಸಿಮೆಂಟಿನಲ್ಲಿ ಒಂದು ಇಡೀ ಹಳ್ಳಿಯ ಬದುಕನ್ನೇ ನಿಲ್ಲಿಸಿದರು. ಅಲ್ಲಿಗೆ ಬಸ್ಸು ಕಟ್ಟಿಕೊಂಡು ಬರುವ ಮಂದಿ ಬಹುತೇಕ ಬೇರಾವ ಕಲಾಪ್ರದರ್ಶನಕ್ಕೂ ಕಾಲಿಟ್ಟವರಲ್ಲ, ಮತ್ತು ಅದು ಸಣ್ಣ ಸಾಧನೆಯಲ್ಲ. ಆ ಶೈಲಿ ನನ್ನದಲ್ಲದಿದ್ದರೂ ನಾನು ಇದನ್ನು ಒಪ್ಪುತ್ತೇನೆ.

ಆದರೆ ಊರಿನಲ್ಲಿರುವುದೇ ಒಂದು ಗುಣ ಎಂದು ನಾನು ಹೇಳಲಾರೆ. ದೂರದವರು ಏನು ಮಾಡುತ್ತಿದ್ದಾರೆ ಎಂಬುದನ್ನು ನೋಡದಿದ್ದರೆ ನಮ್ಮ ಎದುರಿಗಿರುವುದೂ ಕಾಣಿಸುವುದಿಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರು ಚಿತ್ರಕಲೆಯಿಂದ ಆರಂಭಿಸಿ 1990ರ ದಶಕದಲ್ಲಿ ಸಗಣಿ, ಕುಂಕುಮ, ದಾರಗಳಿಗೆ ಹೊರಳಿದರು. ಸೂಜಿಗಳಿಗೆ ಪೋಣಿಸಿದ ಉದ್ದುದ್ದ ದಾರಗಳನ್ನು ಹಗ್ಗವಾಗಿ ಸೇರಿಸಿ ಕುಂಕುಮದಿಂದ ಕೆಂಪಾಗಿಸಿದ ಅವರ ಕೃತಿಯನ್ನು ನಾನು ಪುಸ್ತಕದ ಪುಟದಲ್ಲಿ ನೋಡದಿದ್ದರೆ, ಬ್ಯಾಡಗಿಯಲ್ಲಿ ತೊಟ್ಟು ಬಿಡಿಸುತ್ತ ಕೂತ ಹೆಣ್ಣುಮಕ್ಕಳ ಬೆರಳುಗಳ ಮೇಲೆ ಕೂತ ಕೆಂಪನ್ನು ಬಣ್ಣವಾಗಿಯಷ್ಟೇ ನೋಡುತ್ತಿದ್ದೆನೇ ಹೊರತು ದುಡಿಮೆಯಾಗಿ ನೋಡುತ್ತಿರಲಿಲ್ಲ. ಚಿತ್ರಕಾರ ಕೆ.ಕೆ. ಹೆಬ್ಬಾರರು (1911–1996) ಲಯವನ್ನು ಅರಿಯುವುದಕ್ಕಾಗಿ ಕಥಕ್ ನೃತ್ಯವನ್ನೇ ಕಲಿತರು. ಅವರ ರೇಖೆಗಳಲ್ಲಿ ಆ ಹೆಜ್ಜೆಗಳಿವೆ. ತೊಡಕನ್ನು ಬಿಡಿಸಲು ಚಿತ್ರಕಲೆಯ ಹೊರಗೆ ಹೋಗಬೇಕಾಗಿ ಬಂದರೆ ಹೋಗಲೇಬೇಕು.

ನೀವು ಹುಬ್ಬಳ್ಳಿಯವರಾದ್ದರಿಂದ ಬ್ಯಾಡಗಿಗೆ ರೈಲಿದೆ. ಮಾರುಕಟ್ಟೆ ತುಂಬುವುದು ಸೋಮವಾರ ಮತ್ತು ಗುರುವಾರ. ಹೊಸ ವರ್ಷ ಬಂದ ಮೇಲಿನ ಕೆಲವು ತಿಂಗಳು ಕಾಯಿ ಜೋರಾಗಿ ಬರುತ್ತದೆ. ಮೂಗಿಗೆ ಕಟ್ಟಿಕೊಳ್ಳಲು ಒದ್ದೆ ಬಟ್ಟೆ ಒಯ್ಯಿರಿ, ಘಾಟು ಹೊಸಬರನ್ನು ಅರ್ಧ ಗಂಟೆ ಕೂರಗೊಡುವುದಿಲ್ಲ. ದಲಾಲಿ ಅಂಗಡಿಯವರನ್ನು ಮೊದಲೇ ಕೇಳಿಕೊಂಡು ಒಂದು ಮೂಲೆಯಲ್ಲಿ ಕುಳಿತುಕೊಳ್ಳಿ, ಕೆಲಸ ಮಾಡುವವರ ಮುಖ ಬರೆಯುವ ಮುನ್ನ ಅವರನ್ನೂ ಕೇಳಿ. ಮೊದಲ ಸಲ ಬಣ್ಣ ಒಯ್ಯಬೇಡಿ, ಪೆನ್ಸಿಲ್ ಮತ್ತು ಕಾಗದ ಸಾಕು. ಅಷ್ಟು ಕೆಂಪಿನ ನಡುವೆ ಬರೀ ಬೂದುಬಣ್ಣದ ಸೀಸದಿಂದ ಏನನ್ನು ಹಿಡಿಯಲಾಗದೆ ಹೋಯಿತು ಎಂಬುದನ್ನು ಹಾಳೆಯ ಹಿಂಬದಿಗೆ ನಾಲ್ಕು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಬೇಕಿದ್ದರೆ ಅದನ್ನು ಇಲ್ಲಿಯೇ ಹಾಕಿ, ನೋಡಿ ಹೇಳುತ್ತೇನೆ.