ಇಲಿ ಕಾಲಿನ ನೋವು, ನಮ್ಮ ಕೈಯಿನ ಉರಿ

ಪ್ರಶ್ನೆ: ಗಿಡದ ರೆಂಬೆ ಸವರೋ ಕಪಾತು ಟೈಮಲ್ಲಿ ದಿನಾ ಕತ್ತರಿ ಹಿಡಿದು ಹಿಡಿದು ಬಲಗೈ ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜುಮುಜುಮು ಉರಿಯುತ್ತೆ, ಈಗೀಗ ಕಂಬಳಿ ತಾಗಿದ್ರೂ ಚುರುಕ್ ಅನ್ನುತ್ತೆ. ಡಾಕ್ಟ್ರು ಕಾರ್ಪಲ್ ಟನಲ್, ಅಂದ್ರೆ ಮಣಿಕಟ್ಟಲ್ಲಿ ನರ ಒತ್ತಿಕೊಂಡಿದೆ ಅಂದ್ರು. ಇಲಿ ನರಕ್ಕೆ ದಾರ ಕಟ್ಟಿ ಇಂಥದ್ದೇ ನೋವು ಸ್ಟಡಿ ಮಾಡ್ತಾರೆ ಅಂತಾಳೆ ಬಿಎಸ್ಸಿ ಓದೋ ಮಗಳು. ಇಲಿ ಬಾಯಿಬಿಟ್ಟು ಹೇಳುತ್ತಾ?
– ಓದುಗರು, ಗೋಣಿಕೊಪ್ಪ

ಉತ್ತರ: ಹೇಳಲ್ಲ, ಈ ರಿಸರ್ಚಿನ ದೊಡ್ಡ ತಲೆನೋವೇ ಅದು. ಮಗಳು ಹೇಳಿದ್ದು ಸರಿ. 1988ರಲ್ಲಿ ಬೆನೆಟ್ ಮತ್ತು ಷಿಯೆ ಅನ್ನೋ ವಿಜ್ಞಾನಿಗಳು ಇಲಿ ತೊಡೆಯಲ್ಲಿ ಕಾಲಿಗೆ ಇಳಿಯೋ ದೊಡ್ಡ ನರ, ಸಯಾಟಿಕ್ ನರದ ಸುತ್ತ ನಾಲ್ಕು ಕಡೆ ಕ್ರೋಮಿಕ್ ಗಟ್ ಅನ್ನೋ ಹೊಲಿಗೆ ದಾರ ಕಟ್ಟಿದ್ರು, ಅದೂ ಬಿಗಿಯಾಗಿ ಅಲ್ಲ, ಸಡಿಲವಾಗಿ, ಆಮೇಲೆ ನರ ಊದಿಕೊಂಡು ತಾನೇ ದಾರಕ್ಕೆ ಸಿಕ್ಕಿ ಹಿಚುಕಿಕೊಳ್ಳುತ್ತೆ. ಪರೀಕ್ಷೆ ಹೀಗೆ: ಇಲಿನ ಜಾಲರಿ ಮೇಲೆ ಬಿಟ್ಟು ಕೆಳಗಿಂದ ಫಾನ್ ಫ್ರೇ ಅನ್ನೋ ನೈಲಾನ್ ಎಳೆನ ಅಂಗಾಲಿಗೆ ಬಾಗೋ ತನಕ ಒತ್ತೋದು, ಒಂದೊಂದು ಎಳೆ ಬಾಗೋಕೆ ಇಂತಿಷ್ಟೇ ಬಲ ಬೇಕು ಅಂತ ಮೊದಲೇ ಗೊತ್ತಿರುತ್ತೆ. ಮುಂಚೆ ಕ್ಯಾರೇ ಅನ್ನದ ತೆಳು ಎಳೆಗೇ ಈಗ ಕಾಲು ಎಳೆದುಕೊಂಡು ನೆಕ್ಕಿದ್ರೆ ಅದು ಅಲೋಡಿನಿಯಾ, ಅಂದ್ರೆ ನಿಮ್ಮ ಕಂಬಳಿ ಕಥೆನೇ. ಏಟಾದ ನರ ಸುಮ್ಮಸುಮ್ಮನೆ ಸಿಗ್ನಲ್ ಕಳಿಸ್ತಾ ಇರುತ್ತೆ, ಬೆನ್ನುಹುರಿ ಅದನ್ನೆಲ್ಲ ಇನ್ನೂ ಜೋರು ಮಾಡುತ್ತೆ, ಕೊನೆಗೆ ಬರೀ ಸ್ಪರ್ಶಾನೂ ನೋವಾಗುತ್ತೆ.

ಆದ್ರೆ ಕಾಲು ಎಳೆಯೋದು ರಿಫ್ಲೆಕ್ಸ್, ಅಂದ್ರೆ ತಾನಾಗೇ ಆಗೋ ಚಲನೆ, ರಾತ್ರಿ ನಿದ್ದೆಗೆಡಿಸೋ ಉರಿ ಅದರಲ್ಲಿ ಕಾಣಲ್ಲ. ಗಾಬಾಪೆಂಟಿನ್ ಅನ್ನೋ ಔಷಧಿ ಇಲಿಗೂ ಕೆಲಸ ಮಾಡ್ತು, ಕೆಲವು ಥರದ ನರನೋವಿರೋ ಮನುಷ್ಯರಲ್ಲೂ ಒಂದಷ್ಟು ಜನಕ್ಕೆ. ಎನ್‌ಕೆ1 ಅನ್ನೋ, ನರಕೋಶದ ಮೇಲಿದ್ದು ನೋವಿನ ಸಿಗ್ನಲ್ ಹಿಡಿಯೋ ಗ್ರಾಹಿನ ತಡೆಯೋ ಔಷಧಿಗಳು ಪ್ರಾಣಿಗಳಲ್ಲಿ ಚೆನ್ನಾಗಿ ಕಂಡು ನಮ್ಮ ನೋವಿಗೆ ಬಂದಾಗ ಕೈಕೊಟ್ಟವು. ಜೊತೆಗೆ ಇಲಿಯದ್ದು ದಿನಗಳಲ್ಲಿ ಆಗೋ ಗಾಯ, ಆ ದಾರಾನೇ ಉರಿಯೂತ ಎಬ್ಬಿಸುತ್ತೆ, ನಿಮ್ಮದು ಮಣಿಕಟ್ಟಲ್ಲಿ ನಿಧಾನಕ್ಕೆ ಕೂತ ಒತ್ತಡ. ಹಾಗಾಗಿ "ಇಲಿಗೆ ವಾಸಿಯಾಯ್ತಂತೆ" ಅನ್ನೋ ಸುದ್ದಿ ನೋಡಿ ಮಾತ್ರೆ ಹುಡುಕಿಕೊಂಡು ಹೋಗ್ಬೇಡಿ. ರಾತ್ರಿ ಮಣಿಕಟ್ಟು ನೇರ ಇಡೋ ಪಟ್ಟಿ ಹಾಕಿ, ನರದಲ್ಲಿ ಸಿಗ್ನಲ್ ಸರಿಯಾಗಿ ಹರಿಯುತ್ತಾ ನೋಡೋ ನರ್ವ್ ಕಂಡಕ್ಷನ್ ಟೆಸ್ಟ್ ಬೇಕಾ ಡಾಕ್ಟ್ರನ್ನ ಕೇಳಿ, ಶುಗರು ಥೈರಾಯ್ಡ್ ನೋಡಿಸಿ. ಹೆಬ್ಬೆರಳ ಬುಡದ ಮಾಂಸ ಸೊರಗ್ತಿದ್ರೆ, ಕತ್ತರಿ ಕೈಯಿಂದ ಜಾರ್ತಿದ್ರೆ ತಡ ಮಾಡ್ಬೇಡಿ, ಆಪರೇಶನ್ನಲ್ಲಿ ಮಣಿಕಟ್ಟಿನ ಒಳಗೆ ನರಾನ ಒತ್ತೋ ಅಂಗಾಂಶದ ಪಟ್ಟಿನ ಕತ್ತರಿಸಿ ನರಕ್ಕೆ ಜಾಗ ಮಾಡ್ತಾರೆ.

ಪ್ರಶ್ನೆ: ಇಲಿಗೆ ಇದು ಹಿಂಸೆ ಅಲ್ವಾ ಸಾರ್?
– ಓದುಗರು, ವಿರಾಜಪೇಟೆ

ಉತ್ತರ: ಹೌದು. ದಾರ ಕಟ್ಟೋವಾಗ ಅರಿವಳಿಕೆ ಕೊಡ್ತಾರೆ, ಆದ್ರೆ ಅಳೆಯೋದೇ ಆಮೇಲಿನ ನೋವನ್ನ, ಪೂರ್ತಿ ಅಳಿಸಿದ್ರೆ ಪ್ರಯೋಗವೇ ಇಲ್ಲ. ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಕಾರ ಪ್ರಯೋಗಗಳ ಮೇಲೆ ಕಣ್ಣಿಡೋ ಸಮಿತಿ ಇದೆ, ಎಥಿಕ್ಸ್ ಕಮಿಟಿ ಒಪ್ಪಿಗೆ ಇಲ್ಲದೆ ಶುರು ಮಾಡೋ ಹಾಗಿಲ್ಲ. ಕಮ್ಮಿ ಇಲಿಯಲ್ಲಿ ಮುಗಿಯೋ ಕೆಲಸಕ್ಕೆ ಜಾಸ್ತಿ ಕೇಳಿದ್ರೆ ಅಲ್ಲೇ ತಡೀಬೇಕು ಅನ್ನೋದು ನನ್ನ ಅಭಿಪ್ರಾಯ.